ದೀಪ ಹಾಕ್ಕೊಂಡು ಕಾಯ್ತಿದ್ರು

ಓಲಿಂದಾಳನ್ನು ಕೊಂದವರು ಯಾರು ಎನ್ನುವುದು ನಮ್ಮ ಸಾಂತೆಲ್ಮೊ ಬಂದರಿನಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅವಳೊಬ್ಬಳೇ ಅಲ್ಲ, ಆರು ಮಂದಿ ಹೆಂಗಸರು. ಎಲ್ಲರೂ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಮೀನು ಸೀಳುತ್ತಿದ್ದವರು, ಎಲ್ಲರೂ ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟಿದ್ದವರು. ಮೊದಲನೆಯವಳು ಉಪ್ಪಿನ ಗದ್ದೆಗಳ ಬದಿಯಲ್ಲಿ ಸಿಕ್ಕಾಗ, ಯಾರೋ ಗೆಣೆಕಾರನ ಕೆಲಸ ಎಂದರು ಪೊಲೀಸರು. ಮೂರನೆಯವಳು ಸಿಕ್ಕಾಗಲೂ ಅದನ್ನೇ ಅಂದರು. ನಾಲ್ಕನೆಯವಳು ತೆಯೋಫಿಲಾಳ ಮಗಳು ನೋರ್ಮಾ, ಐದನೆಯವಳು ಓಲಿಂದಾ. ಆರನೆಯವಳಾದ ಮೇಲೆ ಕೊಲೆಗಳು ತಾವಾಗಿಯೇ ನಿಂತುಹೋದವು. ಕೊಂದವನು ಸತ್ತನೋ, ಊರು ಬಿಟ್ಟನೋ, ಮುದುಕನಾಗಿ ಇಲ್ಲೇ ಎಲ್ಲೋ ಕೂತು ಸೂಪು ಕುಡಿಯುತ್ತಿದ್ದಾನೋ, ಹೇಳುವವರಿಲ್ಲ. ಇದೆಲ್ಲ ಆಗಿ ಇಪ್ಪತ್ತು ವರ್ಷಗಳ ಮೇಲಾಯಿತು.

ಓಲಿಂದಾಳ ತಂಗಿ ನೆಲಿದಾ ಮಾರುಕಟ್ಟೆಯಲ್ಲಿ ಮೀನು ಮಾರುತ್ತಾಳೆ. ಅವಳ ಪಕ್ಕದ ಅಂಗಡಿ ನನ್ನದು. ಅವಳ ಹತ್ತಿರ ಮೀನು ಕೊಂಡವರು ನನ್ನ ಹತ್ತಿರ ನಿಂಬೆಹಣ್ಣು, ಈರುಳ್ಳಿ, ಮೆಣಸಿನಕಾಯಿ ಕೊಂಡು ಮನೆಗೆ ಹೋಗುತ್ತಾರೆ. ಹಾಗಾಗಿ ನಮ್ಮಿಬ್ಬರ ವ್ಯಾಪಾರವೂ ಮಾತೂ ಒಟ್ಟೊಟ್ಟಿಗೇ ನಡೆಯುತ್ತವೆ. ಈ ಕಥೆಯಲ್ಲಿ ನಾನು ಕಣ್ಣಾರೆ ಕಂಡದ್ದು ಸ್ವಲ್ಪ, ಉಳಿದದ್ದು ಅವಳೇ ಹೇಳಿದ್ದು.

ಟೀವಿಯವರು ಬಂದದ್ದು ಚಳಿಗಾಲದಲ್ಲಿ, ಕಡಲಿನ ಮಂಜು ಮಧ್ಯಾಹ್ನದವರೆಗೂ ಬೀದಿ ಬಿಟ್ಟು ಏಳದ ದಿನಗಳಲ್ಲಿ. ಲೀಮಾದಿಂದ ಬಂದಿದ್ದರು. ಆರು ಕಂತುಗಳ ಸರಣಿ, ಕಂತಿಗೊಬ್ಬಳು ಹೆಂಗಸು ಎಂದರು. ಅವರ ಮುಖ್ಯಸ್ಥೆ ಮಾಕರೆನಾ ಎಂಬ ಹುಡುಗಿ. ಹುಡುಗಿ ಎಂದರೆ ಮೂವತ್ತು ದಾಟಿದವಳು, ಆದರೆ ತಲೆಗೂದಲು ಬಾಚದೆ ಗಂಟು ಹಾಕಿಕೊಂಡು ಓಡಾಡುತ್ತಿದ್ದುದರಿಂದ ನಮಗೆಲ್ಲ ಹುಡುಗಿಯೇ. ಕೆಟ್ಟವಳಲ್ಲ. ಹೇಳಿದ್ದನ್ನು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದಳು. ಅಷ್ಟು ವರ್ಷಗಳಲ್ಲಿ ನಮ್ಮನ್ನು ಹಾಗೆ ಕೂತು ಕೇಳಿದವರು ಯಾರೂ ಇರಲಿಲ್ಲ.

ನೆಲಿದಾಳ ತಾಯಿ ಸೊಯ್ಲಾ ಮಾತ್ರ ಕ್ಯಾಮೆರಾದ ಮುಂದೆ ಕೂರಲು ಒಪ್ಪಲಿಲ್ಲ. ಅವಳಿಗೆ ಎಪ್ಪತ್ತೆಂಟು, ಒಂದು ಕಿವಿ ಪೂರಾ ಕೇಳಿಸುವುದಿಲ್ಲ.

"ನನ್ನ ಮಗಳ ಬಗ್ಗೆ ಕೇಳೋದಾದ್ರೆ ಅಡುಗೆಮನೆಗೆ ಬಾ, ಆಲೂಗಡ್ಡೆ ಸುಲೀತಾ ಹೇಳ್ತೀನಿ. ಆ ಕಪ್ಪು ಡಬ್ಬಿ ಬಾಗಿಲಾಚೆ ಇಟ್ಟು ಬಾ" ಎಂದಳು ಮಾಕರೆನಾಗೆ.

"ಅಜ್ಜಿ, ನಿಮ್ಮ ಮುಖ ಜನ ನೋಡ್ಬೇಕು."

"ನನ್ನ ಮುಖದಲ್ಲಿ ಏನಿದೆಯೇ? ಸುಕ್ಕು. ನಿನಗೆ ಬೇಕಾಗಿರೋದು ನಾನು ಅಳೋದು. ಅದನ್ನ ನನ್ನ ಗಂಡನಿಗೂ ತೋರಿಸಿದವಳಲ್ಲ ನಾನು."

ಕೂತವಳು ನೆಲಿದಾ. ಮೂರು ಮಧ್ಯಾಹ್ನ ಮಾತಾಡಿದಳಂತೆ. ಓಲಿಂದಾ ನಕ್ಕರೆ ಬೀದಿಯ ನಾಯಿಗಳು ಎದ್ದು ನಿಲ್ಲುತ್ತಿದ್ದವು ಎಂದಳು. ಮೊದಲ ಸಂಬಳದಲ್ಲಿ ಕೂದಲು ಗುಂಗುರು ಮಾಡಿಸಿಕೊಂಡು ಬಂದು, ಅಮ್ಮ ಬೈದದ್ದಕ್ಕೆ ಎರಡು ದಿನ ತಲೆಗೆ ಟವಲು ಸುತ್ತಿಕೊಂಡು ಓಡಾಡಿದ್ದನ್ನು ಹೇಳಿದಳು. ಕಾರ್ಖಾನೆಯ ಹೆಂಗಸರನ್ನು ಪಾಳಿ ಮುಗಿದ ಮೇಲೆ ಮನೆಗೆ ಬಿಡುತ್ತಿದ್ದ ವ್ಯಾನಿನ ಎಲಾದಿಯೊ ಬಗ್ಗೆಯೂ ಹೇಳಿದಳು. ಗೌರವದಿಂದ ದೋನ್ ಎಂದು ಕರೆದು ಹೇಳಿದ್ದು ಇಷ್ಟು: "ದೋನ್ ಎಲಾದಿಯೊ ದಿನಾ ರಾತ್ರಿ ನಮ್ಮ ಬೀದಿ ಮೂಲೇಲಿ ದೀಪ ಹಾಕ್ಕೊಂಡು ಕಾಯ್ತಿದ್ರು. ನಮ್ಮಕ್ಕ ಬೀಗ ತೆಗೆದು, ಒಳಗೆ ಹೋಗಿ, ಕಿಟಕಿಯಿಂದ ಕೈ ಬೀಸೋ ತನಕ ಗಾಡಿ ತಿರುಗಿಸ್ತಿರ್ಲಿಲ್ಲ. ನಮ್ಮಪ್ಪ ಬದುಕಿದ್ದಿದ್ರೂ ಅಷ್ಟು ನಿಗಾ ಇಡ್ತಿರ್ಲಿಲ್ವೇನೋ. ಆ ವಾರ ಅವರ ಗಾಡಿ ಇಂಜಿನ್ ಕೆಟ್ಟು ನಿಂತಿತ್ತು. ಅದೇ ವಾರ ನಮ್ಮಕ್ಕ ನಡ್ಕೊಂಡು ಬಂದಿದ್ದು."

ಓಲಿಂದಾ ಸತ್ತಾಗ ಪೊಲೀಸರು ಎಲಾದಿಯೊನನ್ನು ಹಿಡಿದುಕೊಂಡು ಹೋಗಿದ್ದು ನಿಜ. ಆ ಹೆಂಗಸರ ಜೊತೆ ಓಡಾಡಿದವರನ್ನೆಲ್ಲ ಆಗ ಹಿಡಿಯುತ್ತಿದ್ದರು. ಹೊಡೆದು ಬಿಟ್ಟು ಕಳಿಸಿದರು. ಆಮೇಲೂ ಅವನು ಅದೇ ಊರಿನಲ್ಲಿ, ಅದೇ ವ್ಯಾನು ಓಡಿಸಿಕೊಂಡಿದ್ದ. ಅದು ಹಳೆಯದಾದಾಗ ಇನ್ನೊಂದು ತಂದ. ಹೆಂಡತಿಯನ್ನು ಮಣ್ಣು ಮಾಡಿದ, ಮಗಳ ಮದುವೆ ಮಾಡಿ ತ್ರುಹಿಯೊಗೆ ಕಳಿಸಿದ. ಮಾರುಕಟ್ಟೆಯಿಂದ ಗೋರಿಗಳ ಗುಡ್ಡದವರೆಗಿನ ದಾರಿ ಅವನದು. ನಮ್ಮಲ್ಲಿ ಅವನ ವ್ಯಾನು ಹತ್ತದವರಿಲ್ಲ.

ಓಲಿಂದಾಳ ಕಂತು ಬಂದದ್ದು ಒಂದು ಭಾನುವಾರ ಸಂಜೆ. ಹೆಂಗಸರ ಮನೆಯವರೆಲ್ಲ ತೆಯೋಫಿಲಾಳ ಮನೆಯಲ್ಲಿ ಸೇರುವುದು ಎಂದಾಗಿತ್ತು. ಆರು ಸಂಸಾರಗಳನ್ನು ಇಷ್ಟು ವರ್ಷ ಒಂದು ಹಗ್ಗದಲ್ಲಿ ಕಟ್ಟಿ ಹಿಡಿದವಳು ತೆಯೋಫಿಲಾ. ಪ್ರತಿ ವರ್ಷ ಸರ್ಕಾರಿ ವಕೀಲರ ಕಚೇರಿಯ ಮುಂದೆ ಹೆಣ್ಣುಮಕ್ಕಳ ಫೋಟೊ ಹಿಡಿದು ನಿಲ್ಲಲು ಎಲ್ಲರನ್ನೂ ಎಳೆದುಕೊಂಡು ಹೋಗುವವಳು ಅವಳೇ. ಓಲಿಂದಾ ಹೋದ ಮೇಲೆ, ಆಗ ಶಾಲೆಗೆ ಹೋಗುತ್ತಿದ್ದ ನೆಲಿದಾಗೆ ತಿಂಗಳುಗಟ್ಟಲೆ ಊಟ ಹಾಕಿದವಳೂ ಅವಳೇ. ಸೊಯ್ಲಾ ಆಗ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಮೆಕ್ಕೆಜೋಳ ಬೇಯಿಸಿ ತಟ್ಟೆಗೆ ಹಾಕಿಕೊಂಡು ಎಲ್ಲರೂ ಟೀವಿ ಮುಂದೆ ಕೂತರು. ನಾನೂ ಇದ್ದೆ.

ಓಲಿಂದಾಳ ಫೋಟೊ ಬಂತು. ಗುಂಗುರು ಕೂದಲಿನ ವಿಷಯ ಬರಲಿಲ್ಲ. ನಗುವಿನ ವಿಷಯ ಬರಲಿಲ್ಲ. ಮಂಜಿನಲ್ಲಿ ಯಾರೋ ನಟಿ ಹಳದಿ ಕೋಟು ಹಾಕಿಕೊಂಡು ನಡೆದುಹೋಗುತ್ತಿದ್ದಳು, ಹಿಂದಿನಿಂದ ಎರಡು ದೀಪ ಹತ್ತಿರವಾಗುತ್ತಿದ್ದವು. ಆಮೇಲೆ ನೆಲಿದಾಳ ಮುಖ ಪರದೆ ತುಂಬ ಬಂತು.

"ದಿನಾ ರಾತ್ರಿ ನಮ್ಮ ಬೀದಿ ಮೂಲೇಲಿ ದೀಪ ಹಾಕ್ಕೊಂಡು ಕಾಯ್ತಿದ್ರು."

ಅಷ್ಟೇ. ಅಲ್ಲಿಗೆ ಮಾತು ಕಡಿದುಹೋಯಿತು. ಮುಖ ಮಾತ್ರ ಹಾಗೇ ಉಳಿಯಿತು, ಸುಮ್ಮನೆ ಒಂದು ಕಡೆ ನೋಡುತ್ತ. ಅದು ತಾನು ಅಕ್ಕ ಕೈ ಬೀಸುತ್ತಿದ್ದುದನ್ನು ನೆನೆಸಿಕೊಳ್ಳುತ್ತಿದ್ದ ಹೊತ್ತು ಎಂದು ನೆಲಿದಾ ಆಮೇಲೆ ನನಗೆ ಹೇಳಿದಳು. ಅಡಿಯಲ್ಲಿ ಒಂದೇ ತಂತಿಯನ್ನು ಎಳೆದೆಳೆದು ಬಾರಿಸುವ ಸಂಗೀತ ಇಟ್ಟಿದ್ದರು. ಆ ಸಂಗೀತದಲ್ಲಿ ಆ ಮುಖ ನೋಡಿದರೆ ಹೆದರಿದವಳ ಹಾಗೇ ಕಾಣುತ್ತಿತ್ತು. ಹಿಂದೆಯೇ ಎಲಾದಿಯೊನ ಹಳೇ ಪೊಲೀಸ್ ಫೋಟೊ. ಕೆಳಗೊಂದು ಸಾಲು: ಅವನನ್ನು ಯಾಕೆ ಬಿಟ್ಟರು?

ತೆಯೋಫಿಲಾ ತಟ್ಟೆ ಕೆಳಗಿಟ್ಟು ನೆಲಿದಾಳ ಮಣಿಕಟ್ಟು ಹಿಡಿದುಕೊಂಡಳು.

"ಯಾಕೆ ಕೂಸೇ? ಇಷ್ಟು ವರ್ಷ ನಂಗೊಂದು ಮಾತು ಹೇಳ್ಲಿಲ್ವಲ್ಲ, ಯಾಕೆ?"

"ಇಲ್ಲ ತೆಯೋಫಿಲಾ ಅಮ್ಮ, ನಾನು ಹಾಗಲ್ಲ ಹೇಳಿದ್ದು. ಅದರ ಮುಂದೆ ಇನ್ನೂ ಮಾತಿತ್ತು..."

"ನಿನ್ನ ಬಾಯಿಂದಾನೇ ಬಂತು. ನಾವೆಲ್ಲ ಕೇಳಿದ್ವಿ."

"ಬಾಯಿಂದ ಬಂದಿದ್ದು ಅರ್ಧ!"

ಆದರೆ ತೆಯೋಫಿಲಾ ಆಗಲೇ ಅಳುತ್ತಿದ್ದಳು. ದುಃಖದ ಅಳುವಲ್ಲ ಅದು. ತುಂಬ ದೂರ ಹೊತ್ತುಕೊಂಡು ಬಂದ ಮೂಟೆಯನ್ನು ಇಳಿಸಿದವರು ಹಾಗೆ ಅಳುತ್ತಾರೆ.

ಸೋಮವಾರ ಎಲಾದಿಯೊನ ವ್ಯಾನು ಮಾರುಕಟ್ಟೆಯ ಮುಂದೆ ಖಾಲಿ ನಿಂತಿತ್ತು. ಮಂಗಳವಾರವೂ ಹಾಗೇ. ವಾರ ಕಳೆಯುವುದರೊಳಗೆ ಯಾರೋ ಅದರ ಬಾಗಿಲಿನ ಮೇಲೆ ಕೆಂಪು ಬಣ್ಣದಲ್ಲಿ ಕೊಲೆಗಡುಕ ಎಂದು ಬರೆದರು. ಅವನು ಸೀಮೆಣ್ಣೆ ಹಾಕಿ ಒರೆಸಿದ, ಅಕ್ಷರ ಹರಡಿ ಬಾಗಿಲೆಲ್ಲ ಗುಲಾಬಿ ಬಣ್ಣವಾಯಿತು. ಹೊರಗಿನ ಊರುಗಳಿಂದ ಹುಡುಗ ಹುಡುಗಿಯರು ಬಂದು ನೆಲಿದಾಳ ಬೀದಿಯ ಮೂಲೆಯಲ್ಲಿ ನಿಂತು ಫೋನಿನಲ್ಲಿ ತಮ್ಮ ಫೋಟೊ ತೆಗೆದುಕೊಳ್ಳತೊಡಗಿದರು. ಮೀನು ಕೊಳ್ಳಲು ಬಂದವರು ನೆಲಿದಾಗೆ, "ನೀನು ಧೈರ್ಯವಂತೆ ಕಣಮ್ಮ" ಎನ್ನುವರು. ಅವಳು ಪ್ರತಿಯೊಬ್ಬರಿಗೂ, ಹಾಗಲ್ಲ, ಹೀಗೆ, ಎಂದು ಬಿಡಿಸಿ ಹೇಳುವಳು. ಅವರು ತಲೆಯಾಡಿಸಿ, "ಭಯ ಇರುತ್ತೆ ಬಿಡು" ಎಂದು ಹೋಗುವರು.

"ಇವರಿಗೆ ಕಿವಿ ಇಲ್ವಾ, ಇಲ್ಲ ನಂಗೆ ನಾಲಿಗೆ ಇಲ್ವಾ?" ಎಂದು ನನ್ನನ್ನು ಕೇಳಿದಳು.

"ನಾಲಿಗೆ ಇದೆ. ಟೀವಿಗೆ ಮೈಕು ಇದೆ" ಎಂದೆ.

ಅವಳು ಮಾಕರೆನಾಗೆ ಫೋನು ಮಾಡಿದ್ದು ನನ್ನ ಅಂಗಡಿಯ ಹಿಂದೆ ನಿಂತು, ಸ್ಪೀಕರ್ ಹಾಕಿಕೊಂಡು. ಒಬ್ಬಳೇ ಮಾತಾಡಲು ಅವಳಿಗೆ ಇಷ್ಟವಿರಲಿಲ್ಲ.

"ನನ್ನ ಮಾತು ಕತ್ತರಿಸಿದ್ರಿ."

"ಎಲ್ಲರ ಮಾತನ್ನೂ ಕತ್ತರಿಸ್ತೀವಿ ನೆಲಿದಾ. ಮೂರು ದಿನದ ಮಾತನ್ನ ಮುಕ್ಕಾಲು ಗಂಟೇಲಿ ಹೇಳ್ಬೇಕಲ್ವಾ. ಅವನೇ ಕೊಂದ ಅಂತ ನಾವೆಲ್ಲೂ ಹೇಳಿಲ್ಲ. ಪ್ರಶ್ನೆ ಕೇಳಿದ್ದೀವಿ."

"ಆ ಪ್ರಶ್ನೆ ಅವರ ಗಾಡಿ ಬಾಗಿಲ ಮೇಲೆ ಬರ್ದಿದಾರೆ, ಬಂದು ನೋಡು."

ಮಾಕರೆನಾ ಮೆಲ್ಲಗೆ ಹೇಳಿದಳು: "ನಿಮಗೆ ಇದೂ ಗೊತ್ತಿರ್ಲಿ. ಈ ಕಂತು ಬಂದ ಮೇಲೆ ವಕೀಲರ ಕಚೇರೀಲಿ ಫೈಲು ಮತ್ತೆ ತೆಗೆದಿದಾರೆ. ಲೀಮಾದಿಂದ ಹೊಸಬರು ಬರ್ತಾರಂತೆ. ಇಪ್ಪತ್ತು ವರ್ಷದಲ್ಲಿ ಯಾರು ತೆಗೆಸಿದ್ರು ಅದನ್ನ?"

ನೆಲಿದಾ ಫೋನು ಇಟ್ಟಳು. ಮಾಕರೆನಾ ಹೇಳಿದ್ದು ಸುಳ್ಳಾಗಿರಲಿಲ್ಲ, ಅದೇ ನೆಲಿದಾಳನ್ನು ಕೊರೆಯುತ್ತಿದ್ದದ್ದು.

ಒಂದು ಮಧ್ಯಾಹ್ನ ಅಂಗಡಿ ನನಗೆ ಒಪ್ಪಿಸಿ ಎಲಾದಿಯೊನ ಮನೆಗೆ ಹೋದಳು. ಅವನು ಅಂಗಳದಲ್ಲಿ ಮೊಲಗಳಿಗೆ ಸೊಪ್ಪು ಹಾಕುತ್ತಿದ್ದ. ಇವಳನ್ನು ಕಂಡು ಎದ್ದ, ಒಂದು ಕುರ್ಚಿ ಒರೆಸಿ ಇಟ್ಟ. ಕಾರ್ಯಕ್ರಮವನ್ನು ತಾನು ನೋಡಿಲ್ಲ, ಮಗಳು ಫೋನಿನಲ್ಲಿ ಹೇಳಿದಳು ಎಂದ. ಇವಳು ತಾನು ಹೇಳಿದ್ದೇನು, ತೋರಿಸಿದ್ದೇನು ಎಂದು ಮೊದಲಿಂದ ಹೇಳಿದಳು. ಅವನು ಸೊಪ್ಪಿನ ಕಟ್ಟು ಕೈಯಲ್ಲೇ ಹಿಡಿದುಕೊಂಡು ಕೇಳಿದ.

ಮಾತು ಮುಗಿದ ಮೇಲೆ ನೆಲಿದಾಳ ಕಣ್ಣು ಅವನ ಕೈಗಳ ಮೇಲೆ ಹೋಯಿತಂತೆ. ಗ್ರೀಸಿನ ಕಪ್ಪು ಗೆರೆಗಳಿದ್ದ, ದಪ್ಪ ಗೆಣ್ಣುಗಳ ಕೈ. ಆಗ ಅವಳಿಗೆ ಗೊತ್ತಾಯಿತು, ತನಗೆ ಗೊತ್ತಿರುವುದು ತಾನು ಕಂಡದ್ದು ಮಾತ್ರ ಎಂದು. ಕಿಟಕಿಯಿಂದ ಕಂಡದ್ದು ಎರಡು ದೀಪ, ಕೇಳಿಸಿದ್ದು ಒಂದು ಇಂಜಿನ್ನಿನ ಸದ್ದು. ಉಳಿದದ್ದು ನಂಬಿಕೆ. ಒಳ್ಳೆಯ ಮಾತಾಡುವ ಗಂಡಸರು ಏನೇನು ಮಾಡಿದ್ದಾರೆ ಎಂದು ಮೀನು ಮಾರುಕಟ್ಟೆಯ ಯಾವ ಹೆಂಗಸಿಗೂ ಯಾರೂ ಹೇಳಿಕೊಡಬೇಕಾಗಿಲ್ಲ.

"ದೋನ್ ಎಲಾದಿಯೊ, ಬೇಜಾರು ಮಾಡ್ಕೋಬೇಡಿ. ನೀವು ಮಾಡಿದ್ರಾ?"

ಅವನು ಮುಖ ಎತ್ತಿ ನೋಡಿದ. ಸಿಟ್ಟಾಗಲಿಲ್ಲ.

"ಪೊಲೀಸಿನವರು, ನೀನೇ ಮಾಡಿದ್ದು ಅಂತ ಹೇಳ್ತಾ ಹೊಡೆದ್ರು. ಈಗ ಬೀದೀಲಿ ನನ್ನ ನೋಡಿ ಆ ಕಡೆ ದಾಟ್ಕೊಂಡು ಹೋಗ್ತಾರೆ. ಮಾಡಿದ್ಯಾ ಅಂತ ಎದುರಿಗೆ ಕೂತು ಕೇಳಿದ್ದು ನೀನೊಬ್ಬಳೇ ಮಗಳೇ. ಇಲ್ಲ. ನಾನು ಮಾಡ್ಲಿಲ್ಲ."

ಕೈಯಲ್ಲಿದ್ದ ಸೊಪ್ಪನ್ನು ಮೊಲಗಳ ಮುಂದೆ ಹಾಕಿ ಅವನೇ ಹೇಳಿದ: "ಆ ವಾರ ಇಂಜಿನ್ ಬಿಚ್ಚಿ ಹಾಕಿದ್ವಿ. ಯಾರದಾದ್ರೂ ಗಾಡಿ ಬಾಡಿಗೆಗೆ ತರಬಹುದಿತ್ತು. ನಾಳೆ ಸರಿಯಾಗುತ್ತೆ, ನಾಳೆ ಸರಿಯಾಗುತ್ತೆ ಅಂದ ಮೆಕ್ಯಾನಿಕ್ಕು. ನಾನು ಮನೇಲಿ ಮಲಗಿದ್ದೆ."

ಮನೆಗೆ ಬಂದು ನೆಲಿದಾ ಇದನ್ನೆಲ್ಲ ತಾಯಿಗೆ ಹೇಳಿದಳು, ಕೇಳಿಸುವ ಕಿವಿಯ ಕಡೆ ಕೂತು, ಗಟ್ಟಿಯಾಗಿ. ಸೊಯ್ಲಾ ಪೂರಾ ಕೇಳಿದಳು.

"ಅವನು ಮಾಡಿಲ್ಲ ಅಂತ ನಿನಗೆ ಖಾತ್ರಿನಾ?"

"ದೇವರ ಮೇಲೆ ಆಣೆ ಇಟ್ಟು ಹೇಳು ಅಂದ್ರೆ ಹೇಳಕ್ಕಾಗಲ್ಲ ಅಮ್ಮ. ಮಾಡಿರಲ್ಲ ಅನ್ಸುತ್ತೆ."

"ಹ್ಞೂಂ" ಎಂದು ಮುದುಕಿ ಎದ್ದು ಹೋಗಿ ಒಲೆಯ ಮೇಲಿನ ಪಾತ್ರೆ ಕದಡಿದಳು.

ಆಮೇಲೆ ಸತ್ತವರ ಹಬ್ಬ ಬಂತು, ನವೆಂಬರ್ ಮೊದಲಲ್ಲಿ. ಆವತ್ತು ಊರಿಗೆ ಊರೇ ಗೋರಿಗಳ ಗುಡ್ಡಕ್ಕೆ ಹೋಗುತ್ತದೆ, ಹೂವು, ಬಕೆಟ್ಟು, ಸುಣ್ಣದ ಡಬ್ಬಿ, ಸತ್ತವರಿಗೆ ಇಷ್ಟವಿದ್ದ ಅಡುಗೆ, ಬಿಯರು, ಎಲ್ಲ ಹೊತ್ತುಕೊಂಡು. ಮಾರುಕಟ್ಟೆಯ ಮುಂದೆ ವ್ಯಾನುಗಳಿಗೆ ಉದ್ದ ಸಾಲು. ಒಂದೊಂದು ಗಾಡಿಗೂ ಜನ ಬಾಗಿಲಿಗೆ ಜೋತುಬಿದ್ದು ಹೋಗುತ್ತಿದ್ದರು. ಎಲಾದಿಯೊನ ಗಾಡಿ ಮಾತ್ರ ಒಂದು ಬದಿಗೆ ಖಾಲಿ. ಅವನು ಸ್ಟೀರಿಂಗಿನ ಹಿಂದೆ ಶುಭ್ರವಾದ ಅಂಗಿ ಹಾಕಿಕೊಂಡು ಕೂತಿದ್ದ. ಅವನ ಹೆಂಡತಿಯೂ ಆ ಗುಡ್ಡದ ಮೇಲೇ ಇದ್ದಾಳೆ.

ಸಾಲಿನಲ್ಲಿ ನಾನಿದ್ದೆ, ನನ್ನ ಮುಂದೆ ತೆಯೋಫಿಲಾ ಇದ್ದಳು. ನೆಲಿದಾ ತಾಯಿಯ ಕೈ ಹಿಡಿದುಕೊಂಡು ಬಂದಳು. ಸಾಲಿನ ಕೊನೆಗೆ ಹೋಗುತ್ತಾರೆ ಅಂದುಕೊಂಡೆವು. ಮುದುಕಿ ಮಗಳ ಕೈ ಕೊಡವಿ ಬಿಡಿಸಿಕೊಂಡು ನೇರ ಆ ಗುಲಾಬಿ ಬಾಗಿಲಿನ ಗಾಡಿಯತ್ತ ನಡೆದಳು. ಮುಂದಿನ ಸೀಟಿನ ಬಾಗಿಲು ತೆರೆದಳು, ಹೂವಿನ ಕಟ್ಟನ್ನು ಒಳಗೆ ಹಾಕಿದಳು. ಹತ್ತಲು ಕಾಲು ಏಳಲಿಲ್ಲ. ಎಲಾದಿಯೊ ಇಳಿದು ಓಡಿ ಬಂದು ಮೊಣಕೈ ಹಿಡಿದು ಹತ್ತಿಸಿದ.

ತೆಯೋಫಿಲಾ ಸಾಲು ಬಿಟ್ಟು ಹೋಗಿ ಗಾಡಿಯ ಕಿಟಕಿಗೆ ನಿಂತಳು.

"ಏನೇ ಸೊಯ್ಲಾ, ಮಗಳ ಗೋರಿಗೆ ಅವಳನ್ನ ಕೊಂದವನ ಗಾಡೀಲಿ ಹೋಗ್ತೀಯೇನೇ?"

"ಗಟ್ಟಿಯಾಗಿ ಹೇಳು, ಆ ಕಿವಿ ಕೇಳ್ಸಲ್ಲ."

ತೆಯೋಫಿಲಾ ಇನ್ನೊಮ್ಮೆ ಕೂಗಿ ಹೇಳಿದಳು. ಈಗ ಇಡೀ ಮಾರುಕಟ್ಟೆಗೆ ಕೇಳಿಸಿತು.

"ಇವನೇ ಅಂತ ನಿನಗೆ ಯಾರು ಹೇಳಿದ್ರು?" ಎಂದಳು ಸೊಯ್ಲಾ.

"ನಿನ್ನ ಮಗಳು ಹೇಳಿದ್ಲು! ಟೀವೀಲಿ!"

"ಹಾಗಾದ್ರೆ ಅವಳನ್ನೇ ಕೇಳು, ಇಲ್ಲೇ ನಿಂತಿದಾಳೆ. ನೋಡು ತೆಯೋಫಿಲಾ, ನಂಗೆ ಕೊಂದವನು ಬೇಕು. ಸಿಕ್ಕವನು ಬೇಡ. ಇವನನ್ನ ಹಿಡ್ಕೊಂಡು ನಾವು ಸಮಾಧಾನ ಮಾಡ್ಕೊಂಡ್ರೆ, ಅವನು, ಎಲ್ಲಿದಾನೋ ಆ ನನ್ಮಗ, ಅವನಿಗೂ ಸಮಾಧಾನವಾಗುತ್ತೆ. ಅಷ್ಟು ಉಪಕಾರ ನಾನು ಅವನಿಗೆ ಮಾಡಲ್ಲ."

ಆಗ ನೆಲಿದಾ ಗಾಡಿಯ ಮೆಟ್ಟಿಲ ಮೇಲೆ ನಿಂತಳು. ಮೀನು ಕೂಗಿ ಮಾರುವ ದನಿ ಅವಳದು, ಮೈಕು ಬೇಕಾಗಲಿಲ್ಲ. ಟೀವಿಯವರಿಗೆ ಹೇಳಿದ್ದನ್ನು ಮೊದಲಿಂದ ಹೇಳಿದಳು. ದೀಪ ಹಾಕ್ಕೊಂಡು ಕಾಯ್ತಿದ್ರು ಎಂದಳು. ಅಕ್ಕ ಬೀಗ ತೆಗೆದು ಒಳಗೆ ಹೋಗುವ ತನಕ, ಕಿಟಕಿಯಿಂದ ಕೈ ಬೀಸುವ ತನಕ ಕಾಯ್ತಿದ್ರು ಎಂದಳು. ಇಂಜಿನ್ ಕೆಟ್ಟ ವಾರದ ಬಗ್ಗೆ ಹೇಳಿದಳು. "ನಾನು ಹೇಳಿದ್ದು ಇದು. ನಿಮಗೆ ತೋರಿಸಿದ್ದು ಇದರ ತಲೆ ಮಾತ್ರ. ಯಾರು ಮಾಡಿದ್ರು ಅಂತ ನಂಗೊತ್ತಿಲ್ಲ. ಗೊತ್ತಿಲ್ಲ ಅನ್ನೋದೂ ಒಂದು ಮಾತೇ, ಅದನ್ನ ಹೇಳೋಕೆ ನಾಚ್ಕೆ ಏನಿಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ತಮ್ಮ ತಮ್ಮ ಬಕೆಟ್ಟು ನೋಡುತ್ತ ನಿಂತರು. ಸಾಲಿನ ನಡುವಿನಿಂದ ಎರಡು ದೊಡ್ಡ ಹೂಕುಂಡ ಹೊತ್ತಿದ್ದ ಒಬ್ಬ ಹೆಂಗಸು, "ನನ್ನ ತೋಳು ಬಿದ್ದುಹೋಗ್ತಿದೆ, ದಾರಿ ಬಿಡ್ರಪ್ಪ" ಎಂದು ಹೋಗಿ ಹತ್ತಿದಳು. ನಾನೂ ಹತ್ತಿದೆ. ಇನ್ನೂ ನಾಲ್ಕೈದು ಮಂದಿ ಬಂದರು. ಗಾಡಿ ತುಂಬಲಿಲ್ಲ. ಗುಡ್ಡದ ದಾರಿಯಲ್ಲಿ ಸೊಯ್ಲಾ ಒಮ್ಮೆ, "ಗುಂಡಿ ನೋಡ್ಕೊಂಡು ಓಡಿಸೋ ಮಾರಾಯ" ಎಂದಳು. ತೆಯೋಫಿಲಾ ಬರಲಿಲ್ಲ.

ಆಮೇಲೆ ಆದದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಲೀಮಾದಿಂದ ವಕೀಲರ ಕಡೆಯವರು ಬಂದರು. ಎಲಾದಿಯೊ ಯಾರೂ ಕರೆಯುವ ಮೊದಲೇ ಹೋಗಿ, ರಕ್ತ ತಗೊಳ್ಳಿ ಎಂದು ಅಂಗಿಯ ತೋಳು ಮಡಚಿ ಕೈ ಕೊಟ್ಟ. ಹೋಲಿಸಿ ನೋಡಲು ಏನಾದರೂ ಉಳಿದಿರಬೇಕಲ್ಲ? ಕಚೇರಿಯಲ್ಲಿಟ್ಟಿದ್ದ ಓಲಿಂದಾಳ ಬಟ್ಟೆಗಳು ಪ್ರವಾಹ ಬಂದ ವರ್ಷ ನೀರು ಕುಡಿದು ಕೊಳೆತಿದ್ದವು. ನೋರ್ಮಾಳ ಒಂದು ಬಟ್ಟೆಯಲ್ಲಿ ಏನೋ ಸಿಕ್ಕಿತು. ಅದು ಎಲಾದಿಯೊನದಲ್ಲ. ಯಾರದು ಎಂದು ಗೊತ್ತಿಲ್ಲ. ಮಾಕರೆನಾ ಆ ಕಂತಿನ ಕೊನೆಗೆ ಒಂದು ಸಾಲು ಸೇರಿಸಿದಳು, ಬಿಳಿ ಅಕ್ಷರದಲ್ಲಿ, ಜನ ಟೀವಿ ಆರಿಸುವ ಹೊತ್ತಿಗೆ ಬರುವಂಥದ್ದು. ನೆಲಿದಾಳಿಗೂ ಫೋನು ಮಾಡಿ ಕ್ಷಮಿಸಿ ಎಂದಳು. ಮೂರು ಮಧ್ಯಾಹ್ನದ ಮಾತು ಪೂರ್ತಿ ಕಳಿಸಿಕೊಡು ಎಂದು ಇವಳು ಕೇಳಿದಳು. ಕಂಪನಿಯವರು ಒಪ್ಪುವುದಿಲ್ಲ ಎಂದು ಮಾಕರೆನಾ ಹೇಳಿದ್ದರೂ ಅದು ಹೇಗೋ ಒಂದು ದಿನ ಬಂತು. ಸೊಯ್ಲಾ ಗುಂಗುರು ಕೂದಲಿನ ಕಥೆಯನ್ನು ಫೋನಿನಲ್ಲಿ ಕಿವಿಗಿಟ್ಟುಕೊಂಡು ಮತ್ತೆ ಮತ್ತೆ ಕೇಳುತ್ತಾಳೆ. "ಎರಡು ದಿನ ಅಲ್ಲ, ನಾಲ್ಕು ದಿನ ಟವಲು ಸುತ್ತಿದ್ದು. ತಪ್ಪು ಹೇಳಿದೀಯ" ಎಂದು ಬೈಯುತ್ತಾಳೆ.

ಎಲಾದಿಯೊ ಮಾತ್ರ ಉಳಿಯಲಿಲ್ಲ. ಪರೀಕ್ಷೆಯ ವಿಷಯ ಎಲ್ಲರಿಗೂ ಗೊತ್ತಾದ ಮೇಲೂ ಕೆಲವರು ಅವನ ಗಾಡಿ ಹತ್ತಲಿಲ್ಲ. ಗೊತ್ತಾದದ್ದು ಬೇರೆ, ಕಾಲು ಹಿಂದೆಗೆಯುವುದು ಬೇರೆ. ವ್ಯಾನು ಮಾರಿ ತ್ರುಹಿಯೊಗೆ, ಮಗಳ ಮನೆಗೆ ಹೋದ. ಹೋಗುವ ಮುಂಚೆ ನೆಲಿದಾಗೆ ಎರಡು ಮೊಲ ಕೊಟ್ಟ. ಅವಳು ಅವನ್ನು ಕೊಯ್ಯಲಾರದೆ ಸಾಕಿಕೊಂಡಿದ್ದಾಳೆ, ಈಗ ಹಿತ್ತಿಲ ತುಂಬ ಮೊಲ.

ತೆಯೋಫಿಲಾ ಮಾರುಕಟ್ಟೆಗೆ ಬಂದದ್ದು ಮುಂದಿನ ಚಳಿಗಾಲದಲ್ಲಿ. ಅಲ್ಲಿಯವರೆಗೆ ಮೀನನ್ನು ಬೇರೆ ಕಡೆ ಕೊಳ್ಳುತ್ತಿದ್ದಳು. ನೆಲಿದಾಳ ಅಂಗಡಿಯ ಮುಂದೆ ನಿಂತು ಒಂದು ಮೀನಿನ ಕಿವಿರು ಎತ್ತಿ ನೋಡಿದಳು, ಕೆಳಗಿಟ್ಟಳು.

"ತಾಜಾನಾ?"

"ಬೆಳಿಗ್ಗೆದು, ತೆಯೋಫಿಲಾ ಅಮ್ಮ."

"ಅವನು ಅಲ್ವಂತೆ. ನಂಗೆ ವಕೀಲರೇ ಹೇಳಿದ್ರು."

"ಹ್ಞೂಂ."

"ನಿಂಗೆ ಅರ್ಥ ಆಗಲ್ಲ ಕೂಸೇ. ಕೆಲವು ತಿಂಗಳು ನಾನು ಚೆನ್ನಾಗಿ ನಿದ್ದೆ ಮಾಡ್ದೆ. ಯಾರು ಅಂತ ಗೊತ್ತಿತ್ತು, ಅವನ ಮನೆ ಗೊತ್ತಿತ್ತು, ಶಾಪ ಹಾಕೋಕೆ ಒಂದು ಮುಖ ಇತ್ತು. ಈಗ ಮತ್ತೆ ಮೊದಲಿಂದ ಕಾಯ್ಬೇಕು. ನಂಗೆಷ್ಟು ವಯಸ್ಸಾಯ್ತು ಗೊತ್ತಾ?"

ನೆಲಿದಾ ಚಾಕು ಇಟ್ಟು ಕೈ ತೊಳೆದುಕೊಂಡಳು. ಹಲಗೆಯ ಈಚೆ ಬಂದು, ತನ್ನ ಸ್ಟೂಲು ಎಳೆದು ಹಾಕಿ ತೆಯೋಫಿಲಾಳನ್ನು ಕೂರಿಸಿದಳು, ತಾನು ಐಸಿನ ಪೆಟ್ಟಿಗೆಯ ಮೇಲೆ ಕೂತಳು. ನಾನು ಬಿಸಿ ಕಷಾಯ ತರಿಸಿದೆ. ಅದನ್ನು ಕುಡಿಯುತ್ತ ತೆಯೋಫಿಲಾ ನೋರ್ಮಾಳ ವಿಷಯ ಶುರು ಮಾಡಿದಳು. ಸತ್ತದ್ದರ ವಿಷಯವಲ್ಲ. ನೋರ್ಮಾಗೆ ಮೀನಿನ ವಾಸನೆ ಆಗುತ್ತಿರಲಿಲ್ಲವಂತೆ, ಹುಟ್ಟಿದ್ದು ಬಂದರಿನಲ್ಲಿ, ಕೆಲಸ ಮೀನಿನದು. ಕಾರ್ಖಾನೆಗೆ ಹೋಗುವಾಗ ಮೂಗಿಗೆ ಪುದೀನ ತುರುಕಿಕೊಂಡು ಹೋಗುತ್ತಿದ್ದಳಂತೆ. ಇದನ್ನು ಟೀವಿಯವರು ಕೇಳಲೂ ಇಲ್ಲ, ತಾನು ಹೇಳಲೂ ಇಲ್ಲ ಎಂದಳು.

ಈಗ ಪ್ರತಿ ಗುರುವಾರ ಇಬ್ಬರೂ ವಕೀಲರ ಕಚೇರಿಗೆ ಹೋಗುತ್ತಾರೆ. ಒಳಗಿರುವ ಹುಡುಗಿ ಹೊಸಬಳು, ಓಲಿಂದಾ ಸತ್ತಾಗ ಅವಳಿನ್ನೂ ಹುಟ್ಟಿರಲಿಲ್ಲ. ಏನಾದರೂ ತಿಳಿದರೆ ನಾವೇ ಫೋನು ಮಾಡುತ್ತೇವೆ, ಸುಮ್ಮನೆ ಯಾಕೆ ಬರುತ್ತೀರಿ ಎಂದು ಮರ್ಯಾದೆಯಿಂದಲೇ ಹೇಳುತ್ತಾಳೆ. ತೆಯೋಫಿಲಾ ಬೆಂಚಿನ ಮೇಲೆ ಕೂತು ಚೀಲದಿಂದ ಹೆಣಿಗೆ ತೆಗೆಯುತ್ತಾಳೆ.

"ನೀನು ನಿನ್ನ ಕೆಲಸ ನೋಡಮ್ಮ. ನಾವು ಇಲ್ಲೇ ಇರ್ತೀವಿ" ಎನ್ನುತ್ತಾಳೆ.